ನೋಡುವವರಿಲ್ಲದ ಕುಣಿತ

ತಂಗಿಯ ಮೊಮ್ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಸರಳೆ, ಜಂಟಿವರಸೆಗಳಲ್ಲಿ ಮಕ್ಕಳಿಗೆ ಬೇಸರ ಹತ್ತುವ ಹೊತ್ತಿಗೆ ಮೇಷ್ಟ್ರುಗಳು ನೊಟ್ಟುಸ್ವರ ತೆಗೆಯುತ್ತಾರಲ್ಲ, ಆ ಘಟ್ಟಕ್ಕೆ ಬಂದಿದ್ದಾಳೆ. ಮೊನ್ನೆ ನಮ್ಮ ಮನೆಯ ಹಜಾರದಲ್ಲಿ ಕೂತು ‘ಕಮಲಾಸನ ವಂದಿತ’ ನುಡಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ. ಶಂಕರಾಭರಣದ ಸ್ವರಗಳು, ಗಮಕದ ಗೋಜಿಲ್ಲದ ನೇರ ನಡೆ. ಅವಳು ಮತ್ತೆ ಮೊದಲಿಗೆ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿ ಮುಂದಕ್ಕೆ ನಡೆದು ಹಿಂದಕ್ಕೆ ಬಂದಿತ್ತು. ಈ ಮಟ್ಟು ನನಗೆ ಗೊತ್ತು ಅಂತ ತಲೆಗೆ ಹೊಳೆದದ್ದು ಆಮೇಲೆ. ಅದೂ ಹಾಡಾಗಿ ಅಲ್ಲ, ಕುಣಿತವಾಗಿ. ಹೆಸರು ‘ಗ್ಯಾಲಪೀಡ್’. ಎರಡು ಸಾಲು ಎದುರುಬದುರು ನಿಂತು, ಮುಂದೆ ಬಂದು, ಹಿಂದೆ ಸರಿದು, ಜಾಗ ಅದಲುಬದಲು ಮಾಡಿಕೊಂಡು, ಕೊನೆಗೆ ಮೇಲ್ತುದಿಯ ಜೋಡಿ ನಡುವಿನ ಓಣಿಯಲ್ಲಿ ಗಿರಗಿರನೆ ತಿರುಗುತ್ತ ಕೆಳತುದಿಗೆ ಹೋಗಿ ಸೇರಿಕೊಳ್ಳುವ ಇಂಗ್ಲಿಷ್ ಕಂಟ್ರಿ ಡ್ಯಾನ್ಸು ಅದು.

ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಪಕ್ಕದ ಮಣಲಿಯಲ್ಲಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನಿಂದ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅಂಥವು ಸುಮಾರು 40 ಇವೆ. ‘ಸಂತತಂ ಪಾಹಿಮಾಂ’ ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟು. ‘ಜಗದೀಶ ಗುರುಗುಹ’ ಲಾರ್ಡ್ ಮೆಕ್‌ಡೊನಾಲ್ಡನ ಹೆಸರಿನ ಸ್ಕಾಟಿಷ್ ರೀಲ್. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರಿಂದ ಪಿಟೀಲು ಕಲಿತು ಅದನ್ನು ನಮ್ಮ ಕಚೇರಿಗೆ ತಂದವರು. ಇದನ್ನೆಲ್ಲ ಓದಿದ್ದೆ. ಆದರೆ ಹುಡುಗಿಯಾಗಿದ್ದಾಗ ನಾನು ಕಲಿತದ್ದು ‘ಶಕ್ತಿಸಹಿತ ಗಣಪತಿಂ’, ‘ಶ್ಯಾಮಲೇ ಮೀನಾಕ್ಷಿ’ ಎರಡೇ. ಗ್ಯಾಲಪೀಡ್ ನನ್ನೊಳಗೆ ಇಳಿದದ್ದು ಕಾಲಿನ ದಾರಿಯಿಂದ, ಯಾರ್ಕ್‌ಶೈರಿನ ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ. ಸಂಸ್ಕೃತದ ಮಡಿಯುಟ್ಟುಕೊಂಡು ಅದೇ ಮಟ್ಟು ಮೈಸೂರಿನ ನನ್ನ ಮನೆಗೆ ಬರುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ನಾವು ಅಲ್ಲಿಗೆ ಹೋದದ್ದು 1987ರಲ್ಲಿ. ಇವರು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಮೂರು ದಿನಕ್ಕೊಮ್ಮೆ ರಾತ್ರಿ ಪಾಳಿ, ಮಿಕ್ಕ ದಿನ ನಿದ್ದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಗ್ಯಾಸ್ ಹೀಟರಿನ ಮುಂದೆ ಕೂತು ನಾನು ಅಮ್ಮನಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಹವಾಮಾನ ಬಿಟ್ಟು ಬೇರೆ ಸುದ್ದಿ ಇರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಪಿಟೀಲು ಇತ್ತು. ತೆಗೆದು ಶ್ರುತಿ ಮಾಡುವ ಮನಸ್ಸಿರಲಿಲ್ಲ. ಊರಿನ ಲೈಬ್ರರಿಯ ಬೋರ್ಡಿನಲ್ಲಿ ಒಂದು ಕೈಬರಹದ ಚೀಟಿ ಅಂಟಿಸಿದ್ದರು. ಶುಕ್ರವಾರ ಸಂಜೆ ಕುಣಿತ, ಹೊಸಬರು ಬರಬಹುದು, ಜೊತೆಗಾರರು ಬೇಕಿಲ್ಲ, ಬ್ಯಾಂಡು ಇರುತ್ತದೆ. ನನ್ನನ್ನು ಎಳೆದದ್ದು ಆ ಕೊನೆಯ ಮಾತು. ಒಂದು ಮೂಲೆಯಲ್ಲಿ ಕೂತು ಪಿಟೀಲು ಕೇಳಿಕೊಂಡು ಬಂದರಾಯಿತು ಅಂದುಕೊಂಡು ಹೋದೆ.

ಹಲಗೆ ನೆಲದ ಹಾಲು. ನೆಲದ ಮೇಲೆ ಬ್ಯಾಡ್ಮಿಂಟನ್ ಆಟದ ಗೆರೆಗಳು, ಗೋಡೆಗೆ ಒರಗಿಸಿದ ಮಡಚು ಕುರ್ಚಿಗಳು, ಹಿಂದಿನ ಕೋಣೆಯಲ್ಲಿ ಕುದಿಯುತ್ತಿದ್ದ ಟೀ ಹಂಡೆ. ಪುಟ್ಟದೊಂದು ರಂಗಸ್ಥಳವೂ ಇತ್ತು. ಆದರೆ ಬ್ಯಾಂಡಿನವರು ಅದನ್ನು ಹತ್ತಿರಲಿಲ್ಲ, ಕುಣಿಯುವವರ ಸಮಕ್ಕೆ ಕೆಳಗೇ ಕೂತಿದ್ದರು. ಒಂದು ಪಿಟೀಲು, ಒಂದು ಕಾನ್ಸರ್ಟಿನಾ, ಸ್ವಲ್ಪ ಶ್ರುತಿ ತಪ್ಪಿದ ಪಿಯಾನೊ, ಒಮ್ಮೊಮ್ಮೆ ಬಂದು ಸೇರುತ್ತಿದ್ದ ಕೊಳಲಿನಂಥ ರೆಕಾರ್ಡರ್. ಬ್ಯಾಂಡು ಇರುವ ಕಡೆಯೇ ಹಾಲಿನ ಮೇಲ್ತುದಿ. ಮೇಲೆ, ಕೆಳಗೆ ಎಂದು ಅವರು ಹೇಳುವುದೆಲ್ಲ ಆ ಲೆಕ್ಕದಲ್ಲೇ, ದಿಕ್ಕು ನಿಶ್ಚಯವಾಗುವುದು ಸಂಗೀತದಿಂದ. ನಾನು ಕೂತು ಎರಡು ನಿಮಿಷವಾಗಿರಲಿಲ್ಲ, ಬೆಳ್ಳಿಕೂದಲಿನ ಹೆಂಗಸೊಬ್ಬರು ಬಂದು, ‘ನಾನು ಗಂಡಸಾಗುತ್ತೇನೆ, ಏಳಿ’ ಅಂತ ಕೈ ನೀಡಿದರು. ಗಂಡಸರು ಯಾವಾಗಲೂ ಕಡಿಮೆ. ಅರ್ಧಕ್ಕರ್ಧ ಜೋಡಿಗಳಲ್ಲಿ ಇಬ್ಬರೂ ಹೆಂಗಸರೇ.

ಕುಣಿತಕ್ಕೆ ಮೊದಲು ಕಾಲರ್ ಅನ್ನಿಸಿಕೊಂಡವರು ಸಂಗೀತವಿಲ್ಲದೆ ಒಮ್ಮೆ ಎಲ್ಲರನ್ನೂ ನಡೆಸಿ ತೋರಿಸುತ್ತಾರೆ. ಹೆಜ್ಜೆ ಅಂತ ಕಲಿಯುವುದು ಬಹಳವೇನಿಲ್ಲ. ನಡೆಯಲು ಬಂದರೆ ಸಾಕು, ಎಲ್ಲಿಗೆ, ಯಾವಾಗ ಅನ್ನುವುದು ಗೊತ್ತಿರಬೇಕು. ಎರಡು ಉದ್ದನೆಯ ಸಾಲು. ಮೇಲಿನಿಂದ ಎರಡೆರಡು ಜೋಡಿಗಳ ಗುಂಪು. ನಾಲ್ವರೂ ಕೈಹಿಡಿದು ಸುತ್ತುವುದು, ಬಲಗೈಗಳನ್ನು ನಡುವೆ ಕೂಡಿಸಿ ತಿರುಗುವುದು, ಬೆನ್ನಿಗೆ ಬೆನ್ನು ತಾಗದಂತೆ ಒಬ್ಬರನ್ನೊಬ್ಬರು ಬಳಸಿ ಬರುವುದು. ‘ಹೇ’ ಅನ್ನುವ ನಡೆಯಂತೂ ಮೂರು ಕಾಲಿನ ಜಡೆಯೇ ಸರಿ: ಮೂವರು ಒಬ್ಬರ ಎಡಕ್ಕೆ, ಇನ್ನೊಬ್ಬರ ಬಲಕ್ಕೆ ನುಸುಳುತ್ತ ಹೆಣೆದುಕೊಂಡು ಬಿಚ್ಚಿಕೊಳ್ಳುತ್ತಾರೆ. ಒಂದು ಸುತ್ತು ಮುಗಿಯಲು ಸುಮಾರು ಅರ್ಧ ನಿಮಿಷ. ಅಷ್ಟರಲ್ಲಿ ಒಂದನೇ ಜೋಡಿ ಒಂದು ಮನೆ ಕೆಳಗಿಳಿದಿರುತ್ತದೆ, ಎರಡನೇ ಜೋಡಿ ಒಂದು ಮನೆ ಮೇಲೇರಿರುತ್ತದೆ. ಎದುರಿಗೆ ಹೊಸ ಜೋಡಿ, ಹೊಸ ಮುಖ, ಅದೇ ಕುಣಿತ ಮತ್ತೆ ಮೊದಲಿನಿಂದ. ತುದಿ ಮುಟ್ಟಿದವರು ಒಂದು ಸುತ್ತು ಸುಮ್ಮನೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಆಮೇಲೆ ಒಂದನೆಯವರಾಗಿದ್ದವರು ಎರಡನೆಯವರಾಗಿ ಒಳಗೆ ಬರುತ್ತಾರೆ. ಏಳೆಂಟು ನಿಮಿಷದಲ್ಲಿ ಸಾಲಿನ ಹೆಚ್ಚುಕಡಿಮೆ ಎಲ್ಲರ ಕೈಯನ್ನೂ ಹಿಡಿದು ಬಿಟ್ಟಾಗಿರುತ್ತದೆ.

ಕೈ. ಅದನ್ನು ಹೇಳಲೇಬೇಕು. ಅಗ್ರಹಾರದಲ್ಲಿ ಬೆಳೆದವಳು ನಾನು. ಬೀದಿಯಲ್ಲಿ ಗಂಡನ ಕೈಯನ್ನೇ ಹಿಡಿದವಳಲ್ಲ. ಅಲ್ಲಿ ಬ್ಯಾಂಕಿನ ಗುಮಾಸ್ತ, ನಿವೃತ್ತ ಹೆಡ್‌ಮಾಸ್ಟರು, ಗ್ರೀಸ್ ವಾಸನೆಯ ಸೈಕಲ್ ರಿಪೇರಿಯವನು, ಹದಿನಾರರ ಹುಡುಗ, ಎಲ್ಲರ ಅಂಗೈಯೂ ಒಂದೇ ಸಂಜೆ ನನ್ನ ಅಂಗೈಗೆ ಬಂದು ಹೋದವು. ಸ್ವಿಂಗ್ ಮಾಡುವಾಗ, ಅಂದರೆ ಇಬ್ಬರೂ ಹಿಡಿದುಕೊಂಡು ಬುಗುರಿಯ ವೇಗದಲ್ಲಿ ಸುತ್ತುವಾಗ, ಎದುರಿನವರ ಕಣ್ಣನ್ನೇ ನೋಡಬೇಕು, ಇಲ್ಲದಿದ್ದರೆ ತಲೆ ತಿರುಗುತ್ತದೆ. ಕಣ್ಣು ತಗ್ಗಿಸುವುದೇ ಮರ್ಯಾದೆ ಎಂದು ಕಲಿತವಳಿಗೆ ಅಲ್ಲಿ ಕಣ್ಣು ತಗ್ಗಿಸಿದರೆ ವಾಂತಿ ಬರುತ್ತಿತ್ತು. ಅಮ್ಮನಿಗೆ ಬರೆದ ಆ ವಾರದ ಕಾಗದದಲ್ಲಿ ಬ್ಯಾಂಡಿನ ವಿಷಯ ಎರಡು ಪುಟ ತುಂಬಿತ್ತು. ಕೈಯ ವಿಷಯ ಇರಲಿಲ್ಲ.

ಆ ಸುಖ ಯಾವುದು ಅಂತ ಆಗ ನನಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಹೊಸತನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ: ಆ ಹಾಲಿನಲ್ಲಿ ನೋಡುವವರು ಇರಲಿಲ್ಲ. ಗೋಡೆಯ ಪಕ್ಕ ಕೂತವರೂ ಪ್ರೇಕ್ಷಕರಲ್ಲ, ದಣಿವಾರಿಸಿಕೊಳ್ಳುತ್ತಿದ್ದವರು. ನಾನು ಬೆಳೆದ ಲೋಕದಲ್ಲಿ ಕುಣಿತವೆಂದರೆ ಒಬ್ಬರು ಕುಣಿದು ನೂರು ಜನ ನೋಡುವುದು. ಭರತನಾಟ್ಯ ಕಲಿತ ಅಕ್ಕನಿಗೆ ರಂಗಪ್ರವೇಶದ ಸೀರೆ, ಆಮಂತ್ರಣ, ಮರುದಿನದ ಪತ್ರಿಕೆಯಲ್ಲಿ ಫೋಟೊ. ಸ್ಕೂಲ್ ಡೇ ಕೋಲಾಟದಲ್ಲಿ ನಮ್ಮ ಮುಖ ಯಾವಾಗಲೂ ಮುಖ್ಯ ಅತಿಥಿಗಳ ಕಡೆಗೇ ಇರಬೇಕಿತ್ತು; ಕೋಲಾಟ ಸುತ್ತುತ್ತ ಆಡುವ ಆಟ, ಆದರೂ. ಪಿಟೀಲೂ ಅಷ್ಟೇ, ಜೂನಿಯರ್, ಸೀನಿಯರ್, ಪರೀಕ್ಷಕರು. ಚೆನ್ನಾಗಿ ಮಾಡಿದೆನೇ ಎಂಬ ಪ್ರಶ್ನೆ ಯಾರೂ ಕೇಳದ ಜಾಗದಲ್ಲಿ ನನ್ನ ಮೈ ಮೊದಲ ಸಲ ಕುಣಿದದ್ದು ಆ ಚರ್ಚಿನ ಹಿಂದೆ. ತಪ್ಪು ಹೆಜ್ಜೆ ಇಟ್ಟವರನ್ನು ಪಕ್ಕದವರು ಭುಜ ಹಿಡಿದು ಸರಿಯಾದ ಕಡೆ ತಿರುಗಿಸಿ ಕಳಿಸುತ್ತಿದ್ದರು, ಮಾತೇ ಇಲ್ಲದೆ.

ಇವರು ಒಮ್ಮೆ ಬಂದರು. ಬೂಟು ಬಿಚ್ಚದೆ ಬಾಗಿಲ ಹತ್ತಿರ ಕೂತು ಎರಡು ಕಪ್ ಟೀ ಕುಡಿದು, ‘ಚೆನ್ನಾಗಿದೆ, ಸೊಂಟಕ್ಕೂ ಒಳ್ಳೆಯದು’ ಎಂದು ಡಾಕ್ಟರರ ಅಭಿಪ್ರಾಯ ಕೊಟ್ಟು ಮನೆಗೆ ಹೋದರು.

ನನ್ನ ಕಿವಿಯೆಲ್ಲ ಬ್ಯಾಂಡಿನ ಮೇಲೇ ಇತ್ತು. ಕಾನ್ಸರ್ಟಿನಾ ನುಡಿಸುತ್ತಿದ್ದ ಮುದುಕರು ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದ್ದವರು. ಆರು ಮೂಲೆಯ ಆ ಪುಟ್ಟ ಪೆಟ್ಟಿಗೆ ಅವರ ದೊಡ್ಡ ಕೈಗಳ ನಡುವೆ ಕಾಣುತ್ತಲೇ ಇರಲಿಲ್ಲ. ಅವರದು ಆಂಗ್ಲೊ ಎಂಬ ಬಗೆ: ಅದೇ ಗುಂಡಿಗೆ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಹಾಗಾಗಿ ನೇರ ಎಳೆದುಕೊಂಡು ಹೋಗುವ ಹಾಗಿಲ್ಲ, ಕ್ಷಣಕ್ಷಣಕ್ಕೂ ಉಸಿರು ತಿರುಗಿಸಬೇಕು. ಕುಣಿಯುವವರ ಕಾಲಿಗೆ ಬೇಕಾದ ಜಿಗಿತ ಆ ತಿರುಗಿನಿಂದಲೇ ಬರುತ್ತದೆ. ನನಗೆ ಪಿಟೀಲು ಬರುತ್ತದೆ ಎಂದು ಟೀ ಹೊತ್ತಿನಲ್ಲಿ ಯಾರೋ ಹೇಳಿರಬೇಕು. ‘ಮುಂದಿನ ವಾರ ತಗೊಂಡು ಬಾ, ಲವ್’ ಅಂದರು. (ಆ ಸೀಮೆಯಲ್ಲಿ ಬಸ್ ಡ್ರೈವರೂ ಎಲ್ಲರನ್ನೂ ಹಾಗೇ ಕರೆಯುವುದು.)

ತೆಗೆದುಕೊಂಡು ಹೋದೆ. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು ನುಡಿಸುವವರು. ಅವರು ಗಲ್ಲದಡಿ ಇಟ್ಟು, ಕುರ್ಚಿಯಲ್ಲಿ ಕೂತೋ ನಿಂತೋ ನುಡಿಸುತ್ತಾರೆ. ನಮ್ಮದು ಸ-ಪ-ಸ-ಪ ಶ್ರುತಿ. ಅವರದು ನಾಲ್ಕು ತಂತಿಗೆ ನಾಲ್ಕು ಬೇರೆ ಸ್ವರ. ಅದೆಲ್ಲ ಕೆಲವು ತಿಂಗಳಲ್ಲಿ ಸರಿಹೋಯಿತು. ಲಯವೂ ತೊಂದರೆ ಕೊಡಲಿಲ್ಲ. ಅವರ ಜಿಗ್ ನಮ್ಮ ತಿಶ್ರ ನಡೆ, ರೀಲ್ ಚತುರಶ್ರ. ಎಂಟು ಮಾತ್ರೆಗಟ್ಟಲೆ ಎಣಿಸಿ ಬೆಳೆದವಳಿಗೆ 32 ಬಾರಿನ ಒಂದು ಸುತ್ತು ಲೆಕ್ಕವೇ ಅಲ್ಲ. ಬಿಡಿಸಿಕೊಳ್ಳಲಾಗದ್ದು ಗಮಕ. ಗಾಂಧಾರದಲ್ಲಿ ಬೆರಳು ತಾನಾಗಿ ತೂಗುತ್ತಿತ್ತು, ಅಲ್ಲಿ ಕುಣಿಯುವವರ ಕಾಲು ಒಂದು ಕೂದಲೆಳೆ ತಡವರಿಸುತ್ತಿತ್ತು. ಮುದುಕರು ಬಯ್ಯಲಿಲ್ಲ. ‘ಅವರ ಕಾಲು ನೋಡು, ಬೆರಳಲ್ಲ’ ಅಂದರು. ನಾನು ಕಣ್ಣು ಮುಚ್ಚಿ ನುಡಿಸುತ್ತಿದ್ದೆ, ನಮ್ಮಲ್ಲಿ ಅದು ತನ್ಮಯತೆ. ಅಲ್ಲಿ ಅದು ಗಾಡಿ ಓಡಿಸುವವನು ಕಣ್ಣು ಮುಚ್ಚಿದ ಹಾಗೆ.

ಕಣ್ಣು ತೆರೆದ ಮೇಲೆ ಕಂಡದ್ದೇ ಬೇರೆ. ಕಾಲು ನೆಲ ಬಿಡುವ ಗಳಿಗೆಗೆ ಬಿಲ್ಲಿನಲ್ಲಿ ಒಂದಿಷ್ಟು ಒತ್ತು ಕೊಟ್ಟರೆ ಮೂವತ್ತು ಜನ ಒಟ್ಟಿಗೆ ಹಗುರಾಗುತ್ತಾರೆ. ವಯಸ್ಸಾದವರು ಹೆಚ್ಚಿದ್ದ ದಿನ ನಡೆಯನ್ನು ಕೊಂಚ ಇಳಿಸಬೇಕು, ಆದರೆ ಜೋಲು ಬೀಳಬಾರದು. ಒಂದೇ ಮಟ್ಟನ್ನು ಹತ್ತು ಹನ್ನೆರಡು ಸಲ ನುಡಿಸಿದರೆ ಕಾಲಿಗೆ ಜಡ ಹಿಡಿಯುತ್ತದೆ. ಆದ್ದರಿಂದ ಮೂರ್ನಾಲ್ಕು ಸುತ್ತಿಗೊಮ್ಮೆ ಮುದುಕರು ಮಂಡಿ ಎತ್ತಿ ಸನ್ನೆ ಮಾಡುತ್ತಿದ್ದರು, ಬ್ಯಾಂಡು ತಟ್ಟನೆ ಬೇರೆ ಮಟ್ಟಿಗೆ, ಬೇರೆ ಶ್ರುತಿಗೆ ಜಿಗಿಯುತ್ತಿತ್ತು. ಆ ಕ್ಷಣ ಸಾಲಿನಿಂದ ಒಂದು ಕೇಕೆ ಏಳುತ್ತಿತ್ತು. ನನಗೆ ಬಂದ ಯಾವ ಚಪ್ಪಾಳೆಯೂ ಅದಕ್ಕೆ ಸಮವಲ್ಲ. ಅದು ನನಗೆ ಬಂದದ್ದೂ ಅಲ್ಲ. ಕುಣಿಯುವವರಿಗೆ ನಾವು ಕಾಣುತ್ತಲೇ ಇರಲಿಲ್ಲ.

ಆ ವರ್ಷಗಳಲ್ಲಿ ಇದನ್ನೆಲ್ಲ ಇಂಗ್ಲೆಂಡಿನ ಹಳ್ಳಿಯ ಅನಾದಿ ಸಂಪ್ರದಾಯವೆಂದೇ ಅಲ್ಲಿದ್ದವರೂ ಹೇಳುತ್ತಿದ್ದರು, ನಾನೂ ಊರಿಗೆ ಬಂದಾಗ ಹೇಳುತ್ತಿದ್ದೆ. ಚರಿತ್ರೆ ಅಷ್ಟು ಸರಳವಾಗಿಲ್ಲ. ಈ ಕುಣಿತಗಳ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದು ಲಂಡನ್ನಿನಲ್ಲಿ, 1651ರಲ್ಲಿ. ಟೆಂಪಲ್ ಚರ್ಚಿನ ಹತ್ತಿರ ಅಂಗಡಿ ಇಟ್ಟಿದ್ದ ಜಾನ್ ಪ್ಲೇಫೋರ್ಡ್ ಎಂಬ ಪುಸ್ತಕ ವ್ಯಾಪಾರಿ, ರಾಜನ ತಲೆ ಉರುಳಿ ಎರಡು ವರ್ಷವಾಗಿದ್ದ ಆ ಕಟ್ಟುನಿಟ್ಟಿನ ಕಾಲದಲ್ಲಿ, 105 ಕುಣಿತಗಳನ್ನು ಮಟ್ಟಿನ ಸಮೇತ ಮುದ್ರಿಸಿ ಮಾರಿದ. ಕೊಂಡವರು ರೈತರಲ್ಲ, ಸುತ್ತಲ ಕಾನೂನು ವಿದ್ಯಾರ್ಥಿಗಳಂಥ ಪೇಟೆಯ ಓದುಬಲ್ಲ ಮಂದಿ. ಅವನ ಮಗ, ಆಮೇಲಿನವರು ಸೇರಿ 1728ರ ತನಕ ಅದಕ್ಕೆ 18 ಆವೃತ್ತಿ ತೆಗೆದರು. 19ನೇ ಶತಮಾನದಲ್ಲಿ ವಾಲ್ಟ್ಸ್, ಕ್ವಾಡ್ರಿಲ್, ಪೋಲ್ಕಾಗಳ ಮುಂದೆ ಕಂಟ್ರಿ ಡ್ಯಾನ್ಸು ಮಂಕಾಯಿತು. ಅಲ್ಲಲ್ಲಿ ಹಳ್ಳಿಗಳಲ್ಲಿ ಉಳಿದುಕೊಂಡದ್ದನ್ನು, ಪ್ಲೇಫೋರ್ಡನ ಪುಸ್ತಕದಲ್ಲಿ ಮಲಗಿದ್ದನ್ನು ಎಬ್ಬಿಸಿದವರು ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು. ಅವರು 1911ರಲ್ಲಿ ಜಾನಪದ ನೃತ್ಯದ ಸಂಘ ಕಟ್ಟಿದರು. ಅವರ ಹೆಸರಿನ ಮನೆ 1930ರಿಂದ ಲಂಡನ್ನಿನಲ್ಲಿದೆ.  ಆದರೆ ಲಂಡನ್ನಿನ ಹೊಲಿಗೆ ಹುಡುಗಿಯರ ಕ್ಲಬ್ಬು ನಡೆಸುತ್ತಿದ್ದ ಮೇರಿ ನೀಲ್, ಶಾರ್ಪ್ ಅವರಿಗಿಂತ ಮೊದಲೇ ಜಾನಪದ ಕುಣಿತ ಕಲಿಸುವ ಕೆಲಸಕ್ಕೆ ಇಳಿದಿದ್ದರು. ಇಬ್ಬರೂ ಕೆಲಕಾಲ ಜೊತೆಗೆ ದುಡಿದು, ಕುಣಿತ ನಿಖರವಾಗಿರಬೇಕೋ ಲವಲವಿಕೆಯಿಂದಿರಬೇಕೋ ಎಂದು ಜಗಳವಾಡಿ ದೂರಾದರು. ಗೆದ್ದದ್ದು ಶಾರ್ಪ್. ನನ್ನ ಮನಸ್ಸು ಮೇರಿ ನೀಲ್ ಕಡೆ.

ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ‘ಸೈಡಿಂಗ್’ ಸಂಗತಿ. ಜೋಡಿ ಎದುರಾಗಿ ಬಂದು, ಒಬ್ಬರನ್ನೊಬ್ಬರು ನೋಡುತ್ತ ಅರ್ಧಚಂದ್ರದ ಹಾಗೆ ಬಳಸಿ ಆಚೆ ಬದಿಗೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ಮರಳುವ ನಡೆ. ಅದನ್ನು ಕುಣಿಯುವಾಗೆಲ್ಲ ಮುನ್ನೂರು ವರ್ಷದ ಹಿಂದಿನವರ ಜೊತೆ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಪ್ಲೇಫೋರ್ಡನ ಪುಸ್ತಕದಲ್ಲಿ ಆ ನಡೆಗೆ ವಿವರಣೆ ಇಲ್ಲ, ಹೆಸರು ಮಾತ್ರ. ಬಳಸಿ ಹೋಗುವುದು ಶಾರ್ಪ್ ಅವರ ಊಹೆ. ಆಮೇಲೆ ಪ್ಯಾಟ್ ಶಾ ಮೊದಲಾದವರು ಹಳೆಯ ಕಾಗದಗಳನ್ನು ತಿರುವಿ, ಅದು ಭುಜಕ್ಕೆ ಭುಜ ಸೇರಿಸಿ ನಿಂತು ಹಿಂದೆ ಸರಿಯುವ ಬರೀ ನೇರ ನಡೆ ಇದ್ದಿರಬೇಕು ಅಂದರು. ನಾನು ಪ್ರಾಚೀನವೆಂದು ಪುಳಕಗೊಂಡದ್ದಕ್ಕೆ ನಮ್ಮಜ್ಜಿಯ ವಯಸ್ಸೂ ಇರಲಿಲ್ಲ. ಆದರೂ ಇವತ್ತಿಗೂ ನನಗೆ ಆ ಊಹೆಯೇ ಹೆಚ್ಚು ಚೆಂದ.

ಮುದುಕರನ್ನು ಒಮ್ಮೆ ಕೇಳಿದ್ದೆ, ನಿಮ್ಮ ತಾತ ಮುತ್ತಾತಂದಿರು ಇದನ್ನು ಕುಣಿಯುತ್ತಿದ್ದರೇ ಅಂತ. ಜೋರಾಗಿ ನಕ್ಕರು. ಅವರಪ್ಪ ಅಮ್ಮ ಶನಿವಾರ ಪೇಟೆಯ ಬಾಲ್‌ರೂಮಿಗೆ ಹೋಗಿ ಫಾಕ್ಸ್‌ಟ್ರಾಟ್ ಆಡುತ್ತಿದ್ದವರು. ಕಂಟ್ರಿ ಡ್ಯಾನ್ಸು ಅವರಿಗೆ ಸಿಕ್ಕಿದ್ದು ಶಾಲೆಯ ವ್ಯಾಯಾಮದ ಪಿರಿಯಡ್ಡಿನಲ್ಲಿ, ಹುಡುಗಿಯರ ಬೆವರುಗೈ ಹಿಡಿಯಬೇಕಲ್ಲ ಎಂದು ನಾಚಿ ಸಾಯುತ್ತ. ಕಾನ್ಸರ್ಟಿನಾ ಮಾತ್ರ ಮನೆಯದು. ಉತ್ತರ ಇಂಗ್ಲೆಂಡಿನ ಗಣಿ ಊರುಗಳಲ್ಲಿ ಹಿತ್ತಾಳೆ ಬ್ಯಾಂಡುಗಳ ಹಾಗೆ ಕಾನ್ಸರ್ಟಿನಾ ಬ್ಯಾಂಡುಗಳೂ ಇದ್ದವು. ಅವರ ತಾತ ಅಂಥದೊಂದರಲ್ಲಿದ್ದರಂತೆ. 1984–85ರ ಗಣಿ ಮುಷ್ಕರದ ಬಗ್ಗೆ ಅವರು ಒಂದು ದಿನವೂ ಮಾತಾಡಲಿಲ್ಲ. ಆ ಹಾಲಿನಲ್ಲಿ ಗಣಿಯಿಂದ ಬಂದಿದ್ದವರು ಅವರೊಬ್ಬರೇ. ಮಿಕ್ಕವರು ಮೇಷ್ಟ್ರು, ಲೈಬ್ರರಿಯನ್, ವಕೀಲರು. ಹಳ್ಳಿಯ ಜನಪದವನ್ನು ಪ್ರೀತಿಸುವವರು ಒಂದು ಕಡೆ, ಆ ಜನ ಇನ್ನೊಂದು ಕಡೆ. ನಮ್ಮಲ್ಲಿ ಹೇಗಿದೆಯೋ ಹಾಗೇ.

ಇನ್ನೊಂದು ಮಾತೂ ಹೇಳಿಬಿಡಬೇಕು. ಹಾಲಿನಿಂದ ಹೊರಗೆ ಬಂದು ಬಸ್ಸಿಗೆ ನಿಂತರೆ ಬೇರೆಯದೇ ಇಂಗ್ಲೆಂಡು. ಕಾರಿನ ಗಾಜು ಇಳಿಸಿ ಬಯ್ದು ಹೋಗುತ್ತಿದ್ದ ಹುಡುಗರ ಮಾತನ್ನು ಇಲ್ಲಿ ಬರೆಯಲಾರೆ. ಅದು ಒಳಗಿದ್ದವರಿಗೆ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ವಾರವಾರ ಕೈಹಿಡಿದವರು ಶನಿವಾರ ಮಾರ್ಕೆಟ್ಟಿನಲ್ಲಿ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಮನೆಗೆ ಟೀಗೆ ಕರೆದದ್ದು ಆ ಬೆಳ್ಳಿಕೂದಲಿನವರೊಬ್ಬರೇ, ಅದೂ ಮೂರನೇ ವರ್ಷದಲ್ಲಿ. ಆಗ ಇದು ನೋಯುತ್ತಿತ್ತು. ಈಗ ಅವರನ್ನು ತಪ್ಪು ಎಣಿಸುವ ಮನಸ್ಸಿಲ್ಲ, ಪೂರ್ತಿ ಮಾಫಿ ಮಾಡುವ ಮನಸ್ಸೂ ಇಲ್ಲ. ನೋಡುವವರಿಲ್ಲದ ಜಾಗಕ್ಕೆ ಹೊರಗಿನಿಂದ ಇಣುಕುವವರೂ ಇರುವುದಿಲ್ಲ. ನನ್ನಂಥ ಇನ್ನೊಂದು ಮುಖ ಆ ಹಾಲಿನಲ್ಲಿ ನಾನಿದ್ದಷ್ಟು ಕಾಲವೂ ಕಾಣಲಿಲ್ಲ.

1995ರಲ್ಲಿ ಬಿಬಿಸಿಯ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಬಂದಾಗ ಮಾತ್ರ ಹಾಲು ಕೆಲವು ವಾರ ತುಂಬಿತು. ಅದರಲ್ಲಿ ಡಾರ್ಸಿ, ಎಲಿಜಬೆತ್ ಕುಣಿಯುವ ‘ಮಿಸ್ಟರ್ ಬೆವರಿಜಸ್ ಮ್ಯಾಗಟ್’ ಎಲ್ಲ ಹುಡುಗಿಯರಿಗೂ ಬೇಕು. ಅದು 1695ರ ಕುಣಿತ, ಜೇನ್ ಆಸ್ಟಿನ್ ಕಾಲಕ್ಕೆ ನೂರು ವರ್ಷ ಹಳೆಯದು ಎಂದು ನಮ್ಮ ಕಾಲರ್ ಗೊಣಗುತ್ತಲೇ ಕಲಿಸಿದರು. ಬಂದವರು ಡಾರ್ಸಿಯನ್ನು ಹುಡುಕಿದರು. ಸಿಕ್ಕವನು ಬ್ಯಾಂಕಿನ ಗುಮಾಸ್ತ.

ನಾವು ವಾಪಸು ಬಂದು ಎರಡು ದಶಕ ದಾಟಿತು. ಪಿಯಾನೊ ನುಡಿಸುತ್ತಿದ್ದವರು ಈಗಲೂ ಇಮೇಲ್ ಬರೆಯುತ್ತಾರೆ. ಮುದುಕರು ತೀರಿಕೊಂಡರು. ಕೋವಿಡ್ ಬಂದಾಗ ಕೈಹಿಡಿಯುವ ಕುಣಿತಕ್ಕೆ ಎಲ್ಲಿಯ ಜಾಗ. ಬಾಗಿಲು ಮುಚ್ಚಿ ಮತ್ತೆ ತೆರೆದಾಗ ಅರ್ಧ ಜನ ಬರಲಿಲ್ಲ. ಗಂಡಸು, ಹೆಂಗಸು ಎಂದು ಕರೆಯುವ ಬದಲು ಈಗ ಕೆಲವು ಕಡೆ ಲಾರ್ಕ್, ರಾಬಿನ್ ಎನ್ನುತ್ತಾರಂತೆ. ಗಂಡಸಾಗುತ್ತೇನೆ ಎಂದು ಕೈನೀಡಿದವರನ್ನು ಕಂಡ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಬೇಸರವಾದದ್ದು ಬೇರೆ ಸುದ್ದಿಗೆ: ಬ್ಯಾಂಡಿಗೆ ಕೊಡಲು ದುಡ್ಡಿಲ್ಲದೆ ಹೆಚ್ಚಿನ ವಾರ ಲ್ಯಾಪ್‌ಟಾಪಿನಲ್ಲಿ ಹಾಡು ಹಾಕುತ್ತಾರೆ. ಮುದ್ರಿಸಿದ ಮಟ್ಟು ಏಳು ಸುತ್ತಿಗೆ ಅಂತಿದ್ದರೆ ಏಳಕ್ಕೇ ನಿಲ್ಲುತ್ತದೆ, ಎಂಟನೇ ಜೋಡಿಯ ಸರದಿ ಇನ್ನೂ ಬಂದಿರದಿದ್ದರೂ. ಮುದುಕರಾಗಿದ್ದರೆ ಕಾಲರಿನ ಮುಖ ನೋಡಿ ಒಂದು ಬೆರಳು ಎತ್ತುತ್ತಿದ್ದರು, ಇನ್ನೊಂದು ಸುತ್ತು.

ಹೋದ ಸಂಕ್ರಾಂತಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಪ್ರಯೋಗ ಮಾಡಿದೆ. ಕೆಳಗಿನ ಬ್ಲಾಕಿನಲ್ಲಿ ಮೈಸೂರು ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರೊಬ್ಬರಿದ್ದಾರೆ. ಇಂಗ್ಲಿಷ್ ಬ್ಯಾಂಡಿನವರು, ಸ್ಟಾಫ್ ನೊಟೇಷನ್ ಪತ್ರಿಕೆ ಓದಿದ ಹಾಗೆ ಓದುತ್ತಾರೆ. ಅವರದು ಕ್ಲಾರಿನೆಟ್, ನನ್ನದು ಪಿಟೀಲು, ಮೂರನೇ ಮಹಡಿಯ ಹುಡುಗನದು ಕೀಬೋರ್ಡ್. ಸಂಜೆ ವಾಕಿಂಗ್ ಹೋಗುವ ಹೆಂಗಸರೇ ಹನ್ನೆರಡು ಜನ ಬರುತ್ತೇವೆ ಅಂದರು. ಅಸೋಸಿಯೇಷನ್ ಕಾರ್ಯದರ್ಶಿಗಳು ಬಹಳ ಉತ್ಸಾಹದಿಂದ ಕೇಳಿದರು, ‘ಮೇಡಂ, ಸ್ಟೇಜು ಯಾವ ಕಡೆಗೆ ಹಾಕಿಸಲಿ?’

‘ಸ್ಟೇಜು ಬೇಡ, ಕುರ್ಚಿಗಳನ್ನೂ ತೆಗೆಸಿಬಿಡಿ’ ಅಂದೆ.

‘ಮತ್ತೆ ಜನ ಎಲ್ಲಿ ಕೂರೋದು?’

‘ಕೂರಬಾರದು ಅಂತಲೇ.’

ಅವರು ತಲೆ ಕೆರೆದುಕೊಂಡು ಹೋದರು. ಸಂಜೆ ನಾವು ವಾದ್ಯ ಹಿಡಿದು ಕೆಳಗಿಳಿದಾಗ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿಸಿದ್ದರು. ಮುಂದಿನ ಸಾಲು ಮಾತ್ರ ಹಾಗೇ ಇತ್ತು, ಬಿಳಿ ಬಟ್ಟೆ ಹೊದಿಸಿ. ‘ಕಾರ್ಪೊರೇಟರು ಬರ್ತಾರಲ್ಲ ಮೇಡಂ’ ಅಂದರು.